ಕ್ಲೋಸ್-ವೇಟ್ ತುಂಬಿದ ಮೇಲ್ ಫಿಲ್ಟರ್

ಸ್ಪ್ಯಾಮ್, ವೈರಸ್ ಸೋಸುವ ಮೇಲ್ ಫಿಲ್ಟರ್ ಕೆಲವು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಕ್ಯೂ ಬೆಳೆಯುತ್ತದೆ, ಲಾಗ್‌ನಲ್ಲಿ ‘ಟೂ ಮೆನಿ ಓಪನ್ ಫೈಲ್ಸ್’ ಕಾಣಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿ, ಮತ್ತೆ ಕೆಲವು ದಿನಕ್ಕೆ ಅದೇ ಪಾಡು. ಇದು ಸಾಕೆಟ್ ಸೋರಿಕೆಯ ಲಕ್ಷಣ: ತೆರೆದ ನೆಟ್‌ವರ್ಕ್ ಸಂಪರ್ಕಗಳನ್ನು (ಸಾಕೆಟ್) ಪ್ರೋಗ್ರಾಂ ಮುಚ್ಚದೆ ಬಿಡುತ್ತಿದೆ.

ರೀಸ್ಟಾರ್ಟ್ ಮಾಡಿದರೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ರೂಟ್ ಆಗಿ, ಸಂಪರ್ಕಗಳ ಪಟ್ಟಿ ಕೊಡುವ ಎಸ್‌ಎಸ್ (ss) ಕಮಾಂಡ್ ಓಡಿಸಿ, ಟಿಸಿಪಿ ಸಂಪರ್ಕಗಳನ್ನು ಪ್ರೊಸೆಸ್ ಹೆಸರಿನ ಸಮೇತ ತೆಗೆದಿಟ್ಟುಕೊಂಡು ಸ್ಥಿತಿವಾರು ಎಣಿಸಿ. ಟೈಮ್-ವೇಟ್ (ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಉಳಿಯುವ ಸಂಪರ್ಕ) ಸಾವಿರ ಇದ್ದರೂ ಹೆದರಬೇಡಿ. ಲಿನಕ್ಸ್ ಕರ್ನಲ್ 60 ಸೆಕೆಂಡಿನಲ್ಲಿ ತಾನೇ ಗುಡಿಸುತ್ತದೆ. ಕ್ಲೋಸ್-ವೇಟ್ ಹಾಗಲ್ಲ. ಆಚೆ ಬದಿ ಫಿನ್ (ಸಂಪರ್ಕ ಮುಗಿಸುವ ಸಂಕೇತ) ಕಳಿಸಿ ಮಾತು ಮುಗಿಸಿದೆ, ನಮ್ಮ ಪ್ರೋಗ್ರಾಂ ಮಾತ್ರ ಇನ್ನೂ ಕ್ಲೋಸ್ ಮಾಡಿಲ್ಲ. ಈ ಸ್ಥಿತಿಗೆ ಕಾಲಮಿತಿಯೇ ಇಲ್ಲ. ಫಿನ್ ಟೈಮ್‌ಔಟ್ ಇಳಿಸಿ ನೋಡುವವರು ಬಹಳ; ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಯಾವ ದಿಕ್ಕಿನ ಸಂಪರ್ಕ ಸೋರುತ್ತಿದೆ ಎಂಬುದನ್ನು ಪೋರ್ಟ್ ಹೇಳುತ್ತದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಜೊತೆ ಫಿಲ್ಟರ್ ಆಗಿ ಅಮಾವಿಸ್ ಇದ್ದಲ್ಲಿ ಸಾಮಾನ್ಯವಾಗಿ ಫಿಲ್ಟರ್‌ಗೆ ಬರುವುದು 10024, ಮರಳುವುದು 10025. ವೈರಸ್ ಸ್ಕ್ಯಾನರ್ ಕ್ಲ್ಯಾಮ್‌ಎವಿ ಟಿಸಿಪಿಯಲ್ಲಿದ್ದರೆ 3310, ಸ್ಪ್ಯಾಮ್ ಗುರುತಿಸುವ ಸ್ಪ್ಯಾಮ್‌ಡಿ 783.

ಸರಾಗವಾಗಿ ಸಾಗುವ ಮೇಲ್‌ನಲ್ಲಿ ಸೋರಿಕೆ ಅಪರೂಪ, ಎಡವಿದ ಮೇಲ್‌ನಲ್ಲೇ ಹೆಚ್ಚು: ಸ್ಕ್ಯಾನರ್ ಟೈಮ್‌ಔಟ್ ಆದಾಗ, ಕಳಿಸುವವರು ಡೇಟಾ ಮಧ್ಯದಲ್ಲೇ ಕೈಬಿಟ್ಟಾಗ, ಗಾತ್ರ ಮಿತಿ ಮೀರಿದಾಗ. ಫಂಕ್ಷನ್ ಅರ್ಧಕ್ಕೇ ಹೊರಬಿದ್ದು ಕ್ಲೋಸ್ ಸಾಲನ್ನು ಮುಟ್ಟುವುದೇ ಇಲ್ಲ. ಪ್ರೊಕ್ (/proc) ಅಡಿಯಲ್ಲಿ ಆ ಪ್ರೊಸೆಸ್ ತೆರೆದಿಟ್ಟ ಫೈಲ್, ಸಾಕೆಟ್‌ಗಳ ಪಟ್ಟಿಯಾದ ಎಫ್‌ಡಿ ಡೈರೆಕ್ಟರಿಯನ್ನು 5 ನಿಮಿಷಕ್ಕೊಮ್ಮೆ ಎಣಿಸಿ, ಲಾಗ್ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಟೈಮ್‌ಔಟ್‌ಗೆ ಒಂದೊಂದು ಏರಿದರೆ ಕಳ್ಳ ಸಿಕ್ಕಂತೆ. ಸಂಪರ್ಕ ಅನ್‌ಜಿಪ್‌ನಂಥ ಸಹಾಯಕ ಪ್ರೋಗ್ರಾಂ ಹೆಸರಿನಲ್ಲಿ ನೇತಾಡುತ್ತಿದ್ದರೆ, ಫೋರ್ಕ್ ಆದಾಗ (ಪ್ರೊಸೆಸ್ ತನ್ನ ನಕಲು ಹುಟ್ಟಿಸಿದಾಗ) ಸಾಕೆಟ್ ಮಗುವಿಗೂ ಹೋಗಿದೆ; ಹೊಸ ಪ್ರೋಗ್ರಾಂ ಶುರುವಾದಾಗ ಸಾಕೆಟ್ ಮುಚ್ಚಿಸುವ ಕ್ಲೋಸ್-ಆನ್-ಎಕ್ಸೆಕ್ ಗುರುತು ಹಾಕಿಲ್ಲ ಎಂದರ್ಥ.

ಎಸ್ಟಾಬ್ಲಿಷ್ಡ್ (ಸಂಪರ್ಕ ಜೀವಂತ) ಸ್ಥಿತಿಯಲ್ಲೇ ಸಂಖ್ಯೆ ಬೆಳೆಯುತ್ತಿದ್ದರೆ ರೋಗ ಬೇರೆ: ಆಚೆಯವರು ಫಿನ್ ಕಳಿಸದೆ ಮಾಯವಾಗಿದ್ದಾರೆ, ಇಲ್ಲವೇ ನಡುವಿನ ಫೈರ್‌ವಾಲ್ ಸಂಪರ್ಕವನ್ನು ಮರೆತಿದೆ. ಆಚೆಯವರು ಇನ್ನೂ ಇದ್ದಾರೆಯೇ ಎಂದು ತಟ್ಟಿ ನೋಡುವ ಕೀಪ್‌ಅಲೈವ್ ಡೀಫಾಲ್ಟ್ ಆಗಿ 7200 ಸೆಕೆಂಡ್ ಕಾಯುತ್ತದೆ, ಅದೂ ಪ್ರೋಗ್ರಾಂ ಆ ಸಾಕೆಟ್‌ಗೆ ಅದನ್ನು ಕೇಳಿಕೊಂಡಿದ್ದರೆ ಮಾತ್ರ. ಓದುವಿಕೆಗೇ ಟೈಮ್‌ಔಟ್ ಕೊಡುವುದು ಲೇಸು. ಹೊರಗಿನ ಎಸ್‌ಎಂಟಿಪಿ ಬದಿಯಲ್ಲಿ ಅದನ್ನು 5 ನಿಮಿಷಕ್ಕಿಂತ ಇಳಿಸಬೇಡಿ, ಎಸ್‌ಎಂಟಿಪಿ ನಿಯಮಗಳಿರುವ ಆರ್‌ಎಫ್‌ಸಿ 5321 ಕೇಳುವುದೂ ಅಷ್ಟನ್ನೇ.

ಡಿಸ್ಕ್ರಿಪ್ಟರ್ ಮಿತಿ (ಒಂದು ಪ್ರೊಸೆಸ್ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್, ಸಾಕೆಟ್‌ಗಳ ಸಂಖ್ಯೆ) 1024 ಇದ್ದದ್ದನ್ನು ಏರಿಸಿದರೆ ಒಂದಿಷ್ಟು ದಿನ ಸಿಗುತ್ತದೆ, ಅಷ್ಟೇ. ಹಲವು ಸಾಕೆಟ್‌ಗಳನ್ನು ಒಟ್ಟಿಗೆ ಕಾಯಲು ಸೆಲೆಕ್ಟ್ ಕರೆ ಬಳಸುವ ಹಳೆಯ ಕೋಡ್ ಆದರೆ 1024 ದಾಟಿದ ಮೇಲೆ ಮೆಮೊರಿಯನ್ನೇ ಕೆಡಿಸಬಹುದು. ಕೋಡ್ ನಿಮ್ಮ ಕೈಯಲ್ಲಿಲ್ಲವೇ? ಪ್ರತಿ ವರ್ಕರ್ (ಮೇಲ್ ಸೋಸುವ ಮರಿ ಪ್ರೊಸೆಸ್) ಇಷ್ಟು ಮೇಲ್ ನಂತರ ಸಾಯಲಿ ಎಂದು ಮಿತಿ ಹಾಕಿ. ಅಮಾವಿಸ್, ಸ್ಪ್ಯಾಮ್‌ಡಿ ಎರಡರಲ್ಲೂ ಆ ಸೌಲಭ್ಯವಿದೆ. ಪ್ರೊಸೆಸ್ ಸತ್ತರೆ ಅದರ ಸಾಕೆಟ್‌ಗಳನ್ನು ಕರ್ನಲ್ ಮುಚ್ಚುತ್ತದೆ. ಆಗಲೂ ಕ್ಲೋಸ್-ವೇಟ್ ಇಳಿಯದಿದ್ದರೆ ಸೋರುತ್ತಿರುವುದು ವರ್ಕರ್ ಅಲ್ಲ, ಅದರ ತಾಯಿ ಪ್ರೊಸೆಸ್ ಇಲ್ಲವೇ ಮೇಲೆ ಹೇಳಿದ ಸಹಾಯಕ ಪ್ರೋಗ್ರಾಂ.