ಬಿಲ್ ಶ್ಯಾಂಕ್ಲಿ: ದಾಖಲೆ ಪುಸ್ತಕಕ್ಕೆ ಹತ್ತದ ಏಳು ಋತುಗಳು

ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡದ ಪರ 5 ಪಂದ್ಯ, ಗೋಲು ಸೊನ್ನೆ. ಇಂಗ್ಲೆಂಡಿನ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್ ಪರ ಲೀಗ್ ಪಂದ್ಯ 297. ಬಿಲ್ ಶ್ಯಾಂಕ್ಲಿ ಅವರ ಆಟದ ದಿನಗಳ ಬಗ್ಗೆ ದಾಖಲೆಗಳು ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಮುಂದೆ ಲಿವರ್‌ಪೂಲ್ ತಂಡವನ್ನು ಕಟ್ಟಿದ ಮ್ಯಾನೇಜರ್ ಎಂದು ಅವರನ್ನು ಬಲ್ಲವರು ಈ ಅಂಕಿಗಳನ್ನು ಕಂಡು, ಆಟಗಾರರಾಗಿ ಸಾಧಾರಣದವರೇ ಇರಬೇಕು ಎಂದುಕೊಳ್ಳುವುದುಂಟು. ತಪ್ಪು ಅಂಕಿಗಳದ್ದಲ್ಲ, ಓದುವ ಬಗೆಯದು. ಮೈಯಲ್ಲಿ ಕಸುವು ತುಂಬಿದ್ದ ವರ್ಷಗಳಲ್ಲಿ ಅವರು ಆಡುತ್ತಲೇ ಇದ್ದರು; ಆ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸ್ಕಾಟ್ಲೆಂಡಿನ ಗಣಿ ಕಾರ್ಮಿಕರ ಹಳ್ಳಿ ಗ್ಲೆನ್‌ಬಕ್‌ನಲ್ಲಿ 1913ರ ಸೆಪ್ಟೆಂಬರ್ 2ರಂದು ಹುಟ್ಟಿದ ಶ್ಯಾಂಕ್ಲಿ, ಕಾರ್ಲೈಲ್ ಕ್ಲಬ್ಬಿನಲ್ಲಿ ಒಂದು ಋತು ಆಡಿ 1933ರಲ್ಲಿ ಪ್ರೆಸ್ಟನ್ ಸೇರಿದರು. ಬಲಬದಿಯ ಹಾಫ್‌ಬ್ಯಾಕ್, ಅಂದರೆ ರಕ್ಷಣೆಗೂ ದಾಳಿಗೂ ನಡುವೆ ಆಡುವವರು. ಇಂಗ್ಲೆಂಡಿನ ಕ್ಲಬ್ಬುಗಳ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ 1937ರ ಫೈನಲ್‌ನಲ್ಲಿ ಸಂಡರ್‌ಲೆಂಡ್ ಎದುರು ಸೋಲು. ಮರುವರ್ಷ ಹಡರ್ಸ್‌ಫೀಲ್ಡ್ ವಿರುದ್ಧ, ಹೆಚ್ಚುವರಿ ಅವಧಿಯ ಕೊನೆಯ ನಿಮಿಷದ ಪೆನಾಲ್ಟಿಯಿಂದ ಗೆಲುವು. ಅದೇ 1938ರಲ್ಲಿ ಅವರಿಗೆ ರಾಷ್ಟ್ರೀಯ ತಂಡದಲ್ಲೂ ಜಾಗ ಸಿಕ್ಕಿತು.

1939–40ರ ಲೀಗ್ ಕೊನೆಯ ಬಾರಿ ನಡೆದ ಶನಿವಾರ ಸೆಪ್ಟೆಂಬರ್ 2, ಅಂದರೆ ಶ್ಯಾಂಕ್ಲಿಯವರ 26ನೇ ಹುಟ್ಟುಹಬ್ಬ. ಮರುದಿನ ಬ್ರಿಟನ್ ಯುದ್ಧ ಘೋಷಿಸಿತು. ಆ ವಾರಗಳಲ್ಲಿ ಆದ ಪಂದ್ಯಗಳನ್ನು ಅಧಿಕೃತ ಅಂಕಿಗಳಿಂದ ತೆಗೆದುಹಾಕಲಾಯಿತು.

ಮುಂದಿನದು ಅರ್ಥವಾಗಬೇಕಾದರೆ ಒಂದು ಏರ್ಪಾಡನ್ನು ತಿಳಿದಿರಬೇಕು. ಆಟಗಾರರ ಒಪ್ಪಂದಗಳು ನಿಂತವು, ಸಂಬಳವೂ ನಿಂತಿತು. ನೋಂದಣಿ ಮಾತ್ರ ಕ್ಲಬ್ಬಿನ ಕೈಯಲ್ಲೇ ಉಳಿಯಿತು. ಕೂಲಿ ಇಲ್ಲ, ಬಿಡುಗಡೆಯೂ ಇಲ್ಲ! ವಾರಕ್ಕೆ ಗರಿಷ್ಠ 8 ಪೌಂಡ್ ಪಡೆಯುತ್ತಿದ್ದ ಜಾಗದಲ್ಲಿ ಪಂದ್ಯಕ್ಕೆ 30 ಶಿಲ್ಲಿಂಗ್, ಅಂದರೆ ಒಂದೂವರೆ ಪೌಂಡ್. ಪ್ರಯಾಣ ತಗ್ಗಿಸಲು 50 ಮೈಲಿಯ ಮಿತಿ ಹಾಕಿ ಪ್ರಾದೇಶಿಕ ಲೀಗ್‌ಗಳನ್ನು ಮಾಡಿದರು. ಜನರನ್ನು ತೆರವುಗೊಳಿಸಿದ ಪ್ರದೇಶಗಳಲ್ಲಿ ಮೊದಮೊದಲು 8,000 ಪ್ರೇಕ್ಷಕರಿಗಷ್ಟೇ ಅವಕಾಶ. ಸೇನೆ ಸೇರಿದವನ ಶಿಬಿರ ಕ್ಲಬ್ಬಿನಿಂದ ದೂರವಿದ್ದರೆ, ತನ್ನ ಕ್ಲಬ್ಬಿನ ಒಪ್ಪಿಗೆ ಪಡೆದು ಹತ್ತಿರದ ತಂಡಕ್ಕೆ ‘ಅತಿಥಿ ಆಟಗಾರ’ನಾಗಿ ಆಡಬಹುದಿತ್ತು. ರಜೆ ಸಿಗದಿದ್ದರೆ, ರೈಲು ತಡವಾದರೆ ತಂಡವೇ ಕೂಡುತ್ತಿರಲಿಲ್ಲ. 1940ರ ಕ್ರಿಸ್‌ಮಸ್ ದಿನ ಬ್ರೈಟನ್ ತಂಡ ಐವರು ಆಟಗಾರರೊಂದಿಗೆ ನಾರ್ವಿಚ್‌ಗೆ ಬಂದಿಳಿಯಿತು. ಉಳಿದ ಜಾಗಗಳನ್ನು ಅಲ್ಲಿದ್ದವರಿಂದಲೇ ತುಂಬಿಸಿಕೊಂಡು ಆಡಿ 18–0 ಅಂತರದಲ್ಲಿ ಸೋತಿತು. ಇಂಥ ಅಂಕಿಗಳನ್ನು ಲೀಗ್ ದಾಖಲೆಗೆ ಸೇರಿಸಲು ಯಾರಿಗೂ ಮನಸ್ಸಾಗಲಿಲ್ಲ, ಅದು ಸರಿಯೇ.

ಹಾಗೆಂದು ಎಲ್ಲ ಪಂದ್ಯಗಳೂ ಅಷ್ಟು ಹಗುರವಾಗಿರಲಿಲ್ಲ. 1941ರ ಮೇ 10ರಂದು ವೆಂಬ್ಲಿಯಲ್ಲಿ ಯುದ್ಧಕಾಲದ ಕಪ್‌ನ ಫೈನಲ್. ಪ್ರೆಸ್ಟನ್ ಮತ್ತು ಆರ್ಸೆನಲ್ 1–1ರಲ್ಲಿ ನಿಂತವು. ಅದೇ ರಾತ್ರಿ ಲಂಡನ್ ಮೇಲೆ ಭೀಕರ ಬಾಂಬ್ ದಾಳಿ. ತಿಂಗಳ ಕೊನೆಗೆ ಬ್ಲ್ಯಾಕ್‌ಬರ್ನ್‌ನಲ್ಲಿ ನಡೆದ ಮರುಪಂದ್ಯವನ್ನು ಪ್ರೆಸ್ಟನ್ 2–1ರಿಂದ ಗೆದ್ದಿತು. ಆ ತಂಡದಲ್ಲಿ ಶ್ಯಾಂಕ್ಲಿ ಜೊತೆ 19ರ ಹುಡುಗ ಟಾಮ್ ಫಿನ್ನಿಯೂ ಇದ್ದರು. ಫಿನ್ನಿ ಮೊದಲ ಅಧಿಕೃತ ಲೀಗ್ ಪಂದ್ಯ ಆಡಿದ್ದು 1946ರಲ್ಲಿ!

ಬಳಿಕ ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನವನ್ನು ಸೇನೆ ವಶಕ್ಕೆ ತೆಗೆದುಕೊಂಡಿತು, ಕ್ಲಬ್ ಆಟ ನಿಲ್ಲಿಸಿತು. ವಾಯುಪಡೆಯಲ್ಲಿದ್ದ ಶ್ಯಾಂಕ್ಲಿ ಎಲ್ಲಿ ವರ್ಗವಾದರೆ ಅಲ್ಲಿನ ಅತಿಥಿ: ನಾರ್ವಿಚ್, ಲೂಟನ್, ಆರ್ಸೆನಲ್. 1942ರ ಮೇ 30ರಂದು ಲಿವರ್‌ಪೂಲ್ ಪರವೂ ಒಂದು ಪಂದ್ಯ ಆಡಿದರು. ಎವರ್ಟನ್ ಎದುರು 4–1 ಜಯ. ಗ್ಲಾಸ್ಗೋ ಬಳಿಯ ಬಿಷಪ್‌ಬ್ರಿಗ್ಸ್‌ಗೆ ವರ್ಗವಾದಾಗ ಪಾರ್ಟಿಕ್ ಥಿಸಲ್ ಸೇರಿಕೊಂಡರು. ಅಲ್ಲಿ ಮೊಣಕಾಲಿಗೆ ಪೆಟ್ಟಾದಾಗ ಶಸ್ತ್ರಚಿಕಿತ್ಸೆಯನ್ನು ನೋಡಿಕೊಂಡದ್ದು ಆ ಕ್ಲಬ್ಬೇ. ಅತಿಥಿಗೆ ಗಾಯವಾದರೆ ಹೊಣೆ ಯಾರದು ಎಂಬುದು ಈ ಏರ್ಪಾಡಿನ ದೊಡ್ಡ ತೊಡಕಾಗಿದ್ದಾಗ, ಅದು ಸಣ್ಣ ಉಪಕಾರವೇನಲ್ಲ.

ರಾಷ್ಟ್ರೀಯ ತಂಡದ ಕಥೆ ಇನ್ನೂ ವಿಚಿತ್ರ. ಯುದ್ಧಕಾಲದಲ್ಲಿ ಶ್ಯಾಂಕ್ಲಿ ಸ್ಕಾಟ್ಲೆಂಡ್ ಪರ ಇನ್ನೂ 7 ಪಂದ್ಯ ಆಡಿದರು. ಅಧಿಕೃತವಾದವುಗಳಿಗಿಂತ ಎರಡು ಹೆಚ್ಚು. 1942ರ ಏಪ್ರಿಲ್ 18ರಂದು ಗ್ಲಾಸ್ಗೋದ ಹ್ಯಾಂಪ್‌ಡನ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ 5–4 ಗೆಲುವು. ಬಹುದೂರದಿಂದ ಶ್ಯಾಂಕ್ಲಿ ಎತ್ತಿ ಹೊಡೆದ ಚೆಂಡು ನೆಲಕ್ಕೆ ಬಡಿದು ಪುಟಿದು ಗೋಲ್‌ಕೀಪರ್ ತಲೆಮೇಲಿಂದ ಒಳಗೆ ಹೋಯಿತು. ದೇಶದ ಪರ ಅವರು ಗಳಿಸಿದ ಒಂದೇ ಗೋಲು ಅದು, ಲೆಕ್ಕಕ್ಕಿಲ್ಲ. ಅದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಜಾಕ್ ಡಾಡ್ಸ್ ಅವರ ಹೆಸರಿನ ಮುಂದೆ ಒಂದು ಅಧಿಕೃತ ಕ್ಯಾಪ್ (ದೇಶದ ಪರ ಆಡಿದ ಪಂದ್ಯದ ಲೆಕ್ಕ) ಕೂಡ ಇಲ್ಲ. ಡಾಡ್ಸ್ ವಿಷಯದಲ್ಲಿ ಇದು ಅನ್ಯಾಯ ಎನ್ನದೆ ವಿಧಿಯಿಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. 1943ರ ಸೆಪ್ಟೆಂಬರ್‌ನಲ್ಲಿ ವೇಲ್ಸ್ ಆಟಗಾರನೊಬ್ಬ ಗಾಯಗೊಂಡಾಗ, ಇಂಗ್ಲೆಂಡಿನ ಕಾಯ್ದಿರಿಸಿದ ಆಟಗಾರ ಸ್ಟ್ಯಾನ್ ಮಾರ್ಟೆನ್ಸನ್ ವೇಲ್ಸ್ ಅಂಗಿ ತೊಟ್ಟು ಇಂಗ್ಲೆಂಡ್ ವಿರುದ್ಧವೇ ಆಡಿದರು. ಅಂಥದ್ದಕ್ಕೆ ಕ್ಯಾಪ್ ಕೊಡುವುದು ಹೇಗೆ?

ಆ ಕಾಲದ ಯಾವುದೇ ಆಟಗಾರನ ಪಟ್ಟಿ ಓದುವಾಗ ಮೊದಲು ದಿನಾಂಕ ನೋಡಿ. 1939ರ ಆಗಸ್ಟ್ ಕೊನೆಯಿಂದ 1946ರ ಆಗಸ್ಟ್ 31ರಂದು ಲೀಗ್ ಮರಳುವವರೆಗಿನ ಲೀಗ್ ಪಂದ್ಯಗಳು ಒಟ್ಟು ಮೊತ್ತದಲ್ಲಿ ಇರುವುದಿಲ್ಲ. ಇದ್ದರೆ ಪಟ್ಟಿ ಮಾಡಿದವರು ಬೆರೆಸಿದ್ದಾರೆ ಎಂದರ್ಥ. ಅತಿಥಿಯಾಗಿ ಆಡಿದ ಕ್ಲಬ್ಬುಗಳನ್ನು ವರ್ಗಾವಣೆ ಎಂದು ಓದಬಾರದು. ಈ ಅವಧಿಯ ಪಂದ್ಯಗಳು ಲೆಕ್ಕಕ್ಕಿಲ್ಲ ಎಂಬುದಕ್ಕೊಂದು ವಿನಾಯಿತಿ 1945–46ರ ಎಫ್‌ಎ ಕಪ್: ಎರಡೆರಡು ಪಂದ್ಯಗಳ ಸುತ್ತುಗಳಲ್ಲಿ ನಡೆದ ಆ ಟೂರ್ನಿ ಅಧಿಕೃತ. 1942ರ ಹ್ಯಾಂಪ್‌ಡನ್ ಪಂದ್ಯದಲ್ಲಿ ಗೋಲು ಹೊಡೆದಿದ್ದ ಬಿಲ್ಲಿ ಲಿಡೆಲ್ ಅವರ ಅಧಿಕೃತ ಲಿವರ್‌ಪೂಲ್ ಪದಾರ್ಪಣೆ ಲೀಗ್‌ನಲ್ಲಿ ಆಗದೆ 1946ರ ಜನವರಿಯ ಕಪ್ ಪಂದ್ಯದಲ್ಲಿ ಆದದ್ದು ಇದರಿಂದಲೇ.

ಲೀಗ್ ಮರಳಿದಾಗ ಶ್ಯಾಂಕ್ಲಿಗೆ 33 ತುಂಬಲು ಎರಡು ದಿನ ಬಾಕಿ. ಪ್ರೆಸ್ಟನ್‌ನಲ್ಲೇ ಮತ್ತೆ ಆಡಿ, 1949ರ ಮಾರ್ಚ್‌ನಲ್ಲಿ ಕಾರ್ಲೈಲ್ ಮ್ಯಾನೇಜರ್ ಆಗಿ ಹೊರಟರು.