ಹನ್ನೆರಡು ಇಂಚಿನ ಟೆಲಿಸ್ಕೋಪಿಗೆ ಬೇರಿಂಗ್ ಬೇಡ

ದೊಡ್ಡ ಟೆಲಿಸ್ಕೋಪ್ ಮಾಡಬೇಕು ಅಂತ ಬರುವವರು ಮೊದಲು ಕೇಳುವುದು, ತಿರುಗೋಕೆ ಯಾವ ಬಾಲ್ ಬೇರಿಂಗ್ ಹಾಕಬೇಕು ಅಂತ. ಯಾವುದೂ ಬೇಡ ಅಂದರೆ ನಂಬುವುದಿಲ್ಲ. ಫರ್ನಿಚರ್ ಮಾಡುವವರಿಗೂ ಇದು ಸುಲಭಕ್ಕೆ ಒಪ್ಪಿಗೆಯಾಗುವ ಮಾತಲ್ಲ. ಬೆರಳು ತಾಗಿದರೆ ಸಾಕು, ಡ್ರಾಯರ್ ಸರಿಯಬೇಕು ಅಂತಲೇ ನಾವು ಕಲಿತಿರುವುದು, ಅಲ್ವಾ?

ಟೆಲಿಸ್ಕೋಪಿಗೆ ಬೇಕಾದದ್ದು ಬೇರೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 200 ಪಟ್ಟು ಹಿಗ್ಗಿಸಿ ನೋಡುವಾಗ ಶನಿ ಗ್ರಹ ಹೆಚ್ಚುಕಮ್ಮಿ ಒಂದು ನಿಮಿಷದಲ್ಲಿ ಕಣ್ಣಿನಿಂದ ಆಚೆ ಹೋಗಿಬಿಡುತ್ತದೆ. ಅದಕ್ಕೇ ಟೆಲಿಸ್ಕೋಪನ್ನು ಕೈಯಲ್ಲಿ ಕೂದಲೆಳೆಯಷ್ಟು ತಳ್ಳುತ್ತಲೇ ಇರಬೇಕು. ಕೈ ಬಿಟ್ಟ ಕೂಡಲೇ ಅದು ಅಲ್ಲೇ ನಿಲ್ಲಬೇಕು. ಬೇರಿಂಗ್ ಹಾಕಿದರೆ ಗಾಳಿ ಬೀಸಿದರೂ ತಿರುಗುತ್ತದೆ. ಮರದ ಮೇಲೆ ಮರ ಕೂತರೆ ಮೊದಲು ಹಿಡಿದುಕೊಂಡು, ಆಮೇಲೆ ತಟ್ಟನೆ ಜಾರುತ್ತದೆ. ಒರಟು ಮೈಯ ಸನ್ಮೈಕಾ ಮೇಲೆ ಟೆಫ್ಲಾನ್ ತುಂಡು ಇಟ್ಟು ನೋಡಿ. ಕದಲಿಸಲು ಬೇಕಾದ ಬಲ, ಸಾಗಿಸಲು ಬೇಕಾದ ಬಲ, ಎರಡೂ ಬಹುತೇಕ ಒಂದೇ. ಎಣ್ಣೆ, ಮೇಣ ಏನೂ ಹಚ್ಚಬೇಡಿ.

ಹೀಗೆ ಮರದ ಪೆಟ್ಟಿಗೆಯಲ್ಲಿ ಕೂತು ಕೈಯಲ್ಲೇ ತಿರುಗುವ, ಕನ್ನಡಿಯ ಟೆಲಿಸ್ಕೋಪನ್ನು ಜನರ ನಡುವೆ ತಂದವರು ಜಾನ್ ಡಾಬ್ಸನ್. ಅಮೆರಿಕದ ವೇದಾಂತ ಸೊಸೈಟಿಯಲ್ಲಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ಕಾಂಕ್ರೀಟ್ ಕಂಬ ಹೊಯ್ಯುವ ರಟ್ಟಿನ ಕೊಳವೆ ಬಳಸಿದರು. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಆಕಾಶ ತೋರಿಸಿದರು. ದುಬಾರಿ ಲೋಹದ ಕೆಲಸವನ್ನು ಬಡಗಿಯ ಕೈಗೆ ಎಟುಕಿಸಿದ ಅವರ ಮೇಲೆ ನನಗೆ ತುಂಬ ಗೌರವ.

ಟೆಲಿಸ್ಕೋಪಿನ ತಳದಲ್ಲಿ ಕೂತು ಬೆಳಕು ಒಟ್ಟುಮಾಡುವ ಕನ್ನಡಿ ಮೊದಲು ಕೈಗೆ ಬರಲಿ. ಆಮೇಲೆ ಪ್ಲೈವುಡ್ ಕತ್ತರಿಸಿ. ಕನ್ನಡಿಯ ಮೈ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೂ ತಪ್ಪಬಾರದು. ಪೆಟ್ಟಿಗೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಕನ್ನಡಿಯ ಹಿಂದಿನ ಬೋಲ್ಟ್ ತಿರುಗಿಸಿ ಸರಿ ಮಾಡಬಹುದು. 300 ಮಿ.ಮೀ. ಅಗಲದ, 1500 ಮಿ.ಮೀ. ಫೋಕಸ್ ದೂರದ (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಕನ್ನಡಿ ಒಳ್ಳೆಯ ಆಯ್ಕೆ. ನೆತ್ತಿಯ ಮೇಲಿನ ನಕ್ಷತ್ರವನ್ನೂ ಸ್ಟೂಲ್ ಇಲ್ಲದೆ ನಿಂತೇ ನೋಡಬಹುದು.

ತೇಗದ ಹಲಗೆ ಬೇಡ, ಮಳೆಗಾಲ ಬೇಸಿಗೆ ಅಂತ ಹಿಗ್ಗಿ ಕುಗ್ಗುತ್ತದೆ. ಐಎಸ್ 710 ಮುದ್ರೆಯ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ತನ್ನಿ. ಕೆಳಗಿನ ಪೆಟ್ಟಿಗೆಗೆ 18 ಮಿ.ಮೀ., ಕನ್ನಡಿ ಪೆಟ್ಟಿಗೆಗೆ 12. ಬೆರಳಲ್ಲಿ ತಟ್ಟಿ ನೋಡಿ, ಒಳಗೆ ಪೊಳ್ಳಿದ್ದರೆ ಸದ್ದು ಬದಲಾಗುತ್ತದೆ. ಅಂಚುಗಳಿಗೆ ಪಾಲಿಶ್ ಜಾಸ್ತಿ ಕುಡಿಸಿ, ರಾತ್ರಿಯ ಇಬ್ಬನಿ ಅಲ್ಲಿಂದಲೇ ಒಳಗಿಳಿಯುವುದು. ಕನ್ನಡಿ ಪೆಟ್ಟಿಗೆಯ ಎರಡು ಪಕ್ಕಕ್ಕೆ ಕೂತು ಟೆಲಿಸ್ಕೋಪನ್ನು ಮೇಲೆ ಕೆಳಗೆ ಓಲಿಸುವ ಎರಡು ಅರ್ಧಚಂದ್ರ ಬದಿಗಳನ್ನು ಜೊತೆಗೇ ಕ್ಲ್ಯಾಂಪ್ ಮಾಡಿ ಮರ ಕೊರೆಯುವ ರೌಟರಿನಲ್ಲಿ ಕತ್ತರಿಸಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ.

ಟೆಫ್ಲಾನಿಗೆ ಅಂಟು ಹಿಡಿಯುವುದಿಲ್ಲ. ಸ್ಕ್ರೂ ಹಾಕಿ, ತಲೆಯನ್ನು ಚೆನ್ನಾಗಿ ಒಳಗಿಳಿಸಿ. ಅಡಿಯ ಹಲಗೆಯ ಮೇಲೆ ಹಾಕುವ ಮೂರು ಟೆಫ್ಲಾನ್ ತುಂಡುಗಳು ಅದರ ಮೂರು ಕಾಲುಗಳ ನೇರ ಮೇಲೇ ಇರಲಿ. ಇಲ್ಲದಿದ್ದರೆ ಹಲಗೆ ಬಾಗುತ್ತದೆ, ಚಿತ್ರ ನಡುಗುತ್ತದೆ. ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಬಿದ್ದರೆ ಹಿಡಿತ ಹಿತವಾಗಿರುತ್ತದೆ. ಮೇಲೆ ಕೂರುವುದು 35 ಕಿಲೋ ಆದರೆ ಮೂರೂವರೆ ಸೆಂಟಿಮೀಟರಿನ ಚೌಕಗಳು ಸಾಕು.

ನಾನು ಜಾಸ್ತಿ ಹೊತ್ತು ಕೊಡುವುದು ಮೇಲಿನ, ಕೆಳಗಿನ ತೂಕ ಸರಿದೂಗಿಸುವುದಕ್ಕೆ. ತಿರುಗುವ ಅಕ್ಷದಿಂದ 1200 ಮಿ.ಮೀ. ಮೇಲೆ 100 ಗ್ರಾಂ ಸೇರಿಸಿದರೆ, 300 ಮಿ.ಮೀ. ಕೆಳಗೆ 400 ಗ್ರಾಂ ಹಾಕಬೇಕು. ಅದಕ್ಕೇ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಿಡಿಯುವ ಮೇಲಿನ ಬಳೆಯನ್ನು ಆದಷ್ಟು ಹಗುರ ಮಾಡಿ. ಆ ಬಳೆಯನ್ನು ಕನ್ನಡಿ ಪೆಟ್ಟಿಗೆಗೆ ಸೇರಿಸುವ ಅಲ್ಯೂಮಿನಿಯಂ ಕೊಳವೆಗಳನ್ನು ಮೊದಲು ಉದ್ದವೇ ಇಡಿ. ಎಲ್ಲ ಜೋಡಿಸಿ, ಐಪೀಸ್ ಹಾಕಿ ಚಂದ್ರನನ್ನು ನೋಡಿ. ಚಿತ್ರ ಸ್ಪಷ್ಟವಾಗುವಷ್ಟು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ.

ಕನ್ನಡಿಗೆ ಬಿಗಿಯಾದ ಮುಚ್ಚಳ ಅದೇ ಪ್ಲೈಯಲ್ಲಿ ಮಾಡಿಡಿ. ಹಗಲಲ್ಲಿ ಅದಿಲ್ಲದೆ ಹೊರಗಿಡಬೇಡಿ. ಇಷ್ಟು ದೊಡ್ಡ ಕನ್ನಡಿಯ ಮೇಲೆ ಬಿಸಿಲು ಬಿದ್ದರೆ ಮರಕ್ಕೆ, ಬಟ್ಟೆಗೆ ಬೆಂಕಿ ಹತ್ತಬಹುದು.