ಕ್ಲಾಸಿನಲ್ಲಿ ಕೂತು ಏನನ್ನು ಬರೆಯಬೇಕು?

ಹಾಸನದ ಸುತ್ತಮುತ್ತಲ ಶಾಲೆಗಳಿಗೆ ಬಿ.ಇಡಿ. ವಿದ್ಯಾರ್ಥಿಗಳು ಪಾಠ ವೀಕ್ಷಣೆಗೆ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು, ‘ಮಕ್ಕಳು ಆಸಕ್ತಿಯಿಂದ ಪಾಲ್ಗೊಂಡರು’ ಎಂದು ಬರೆದು ಎದ್ದುಬಿಟ್ಟರೆ ಅದು ವೀಕ್ಷಣೆಯಲ್ಲ, ತೀರ್ಪು. ಎಷ್ಟು ಮಕ್ಕಳು? ಏನು ಮಾಡಿದರು? ‘ಎರಡನೇ ಸಾಲಿನ ಹುಡುಗಿ ಮೂರು ಸಲ ಕೈ ಎತ್ತಿದಳು, ಮೇಷ್ಟ್ರು ಅವಳನ್ನು ಕೇಳಲಿಲ್ಲ’ ಎಂದು ಬರೆದರೆ, ಪಕ್ಕದಲ್ಲಿ ಕೂತವರು ಅದನ್ನು ಹೌದು ಅಥವಾ ಇಲ್ಲ ಎನ್ನಬಹುದು.

ಅಮೆರಿಕದ ಶಿಕ್ಷಣ ಸಂಶೋಧಕ ನೆಡ್ ಫ್ಲ್ಯಾಂಡರ್ಸ್ ಇದಕ್ಕೊಂದು ದಾರಿ ಹುಡುಕಿದರು. ಪ್ರತಿ 3 ಸೆಕೆಂಡಿಗೆ ಒಂದು ಅಂಕಿ ಬರೆಯುವುದು, ಅಷ್ಟೇ. 1ರಿಂದ 7 ಶಿಕ್ಷಕರ ಮಾತಿಗೆ. ಹೊಗಳಿದ್ದು, ಪ್ರಶ್ನೆ ಕೇಳಿದ್ದು, ವಿವರಿಸಿದ್ದು, ಗದರಿದ್ದು ಎಲ್ಲಕ್ಕೂ ಬೇರೆ ಬೇರೆ ಅಂಕಿ. 8 ಮತ್ತು 9 ಮಕ್ಕಳ ಮಾತಿಗೆ. 10 ಎಂದರೆ ಮೌನ ಅಥವಾ ಗದ್ದಲ. 40 ನಿಮಿಷದ ಪೀರಿಯಡ್‌ಗೆ 800 ಅಂಕಿಗಳಾಗುತ್ತವೆ. ಕೈ ಸೋಲುತ್ತದೆ, ನಿಜ. ಆದರೆ ‘ನಮ್ಮ ಕ್ಲಾಸಲ್ಲಿ ಮಕ್ಕಳೇ ಜಾಸ್ತಿ ಮಾತಾಡೋದು’ ಎನ್ನುವವರಿಗೆ ಆ ಹಾಳೆ ತೋರಿಸಿ ನೋಡಿ!

ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಜುಲೈನಲ್ಲಿ ಸಕಲೇಶಪುರದ ಕಡೆ ಶಾಲೆಯ ಚಾವಣಿ ಶೀಟಿನ ಮೇಲೆ ಮಳೆ ಬಿದ್ದರೆ ಪಾಠವೇ ಕೇಳಿಸುವುದಿಲ್ಲ. ಹಾಳೆ ತುಂಬ 10, 10, 10. ಅಂಚಿನಲ್ಲಿ ‘ಮಳೆ’ ಎಂದು ಬರೆಯದಿದ್ದರೆ ಓದಿದವರು ಶಿಸ್ತಿಲ್ಲದ ಕ್ಲಾಸು ಅಂದುಕೊಳ್ಳುತ್ತಾರೆ.

ನೋಡುವವರ ಮನಸ್ಸಿನ ತೊಡಕು ಇದಕ್ಕಿಂತ ದೊಡ್ಡದು. 1963ರಲ್ಲಿ ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಬಗೆಯ ಇಲಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಕೆಲವರಿಗೆ ‘ಇವು ಜಾಣ’, ಉಳಿದವರಿಗೆ ‘ಇವು ದಡ್ಡ’ ಎಂದಿದ್ದರು. ‘ಜಾಣ’ ಇಲಿಗಳೇ ಚೆನ್ನಾಗಿ ದಾರಿ ಕಲಿತವೆಂದು ದಾಖಲಾಯಿತು. ಇಲಿಗೇ ಹೀಗಾದರೆ, ‘ಆ ಎಸ್ಟೇಟ್ ಲೈನಿನ (ತೋಟದ ಕೂಲಿಕಾರರ ಸಾಲುಮನೆಯ) ಹುಡುಗ ಓದಲ್ಲ ಸರ್’ ಎಂದು ಸ್ಟಾಫ್ ರೂಮಿನಲ್ಲಿ ಮೊದಲೇ ಕೇಳಿಸಿಕೊಂಡು ಬಂದವರು ಆ ಹುಡುಗನಲ್ಲಿ ಏನನ್ನು ಕಂಡಾರು? ಮಕ್ಕಳ ಬಗ್ಗೆ ವಿಚಾರಿಸುವುದು ನೋಡಿದ ಮೇಲಿರಲಿ. ಇಬ್ಬರು ಬೇರೆ ಬೇರೆ ಕೂತು ಬರೆದು, ಆಮೇಲೆ ಹಾಳೆಗಳನ್ನು ಹೋಲಿಸಿದರೆ ಇನ್ನೂ ಒಳ್ಳೆಯದು.

ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ತರಗತಿಗೆ ಮಾತ್ರ ಫ್ಲ್ಯಾಂಡರ್ಸ್ ಹಾಳೆ ಸಾಲದು. ಅಲ್ಲಿ ಟೀಚರ್ ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತಿರುತ್ತಾರೆ, ಉಳಿದ ಮಕ್ಕಳು ತಮ್ಮಷ್ಟಕ್ಕೆ ಕಾರ್ಡು ಹಿಡಿದು ಕಲಿಯುತ್ತಿರುತ್ತಾರೆ. ಟೀಚರ್ ಮಾತನ್ನಷ್ಟೇ ಎಣಿಸಿದರೆ ಅರ್ಧ ಕ್ಲಾಸು ಕೈತಪ್ಪುತ್ತದೆ. ಅಲ್ಲಿ ಒಂದೊಂದು ಮಗುವನ್ನೂ ಸರದಿಯಂತೆ ಕೆಲವು ಸೆಕೆಂಡು ನೋಡಿ, ಆ ಹೊತ್ತಿಗೆ ಅದು ಮಾಡುತ್ತಿದ್ದುದನ್ನು ಬರೆದು, ಮುಂದಿನ ಮಗುವಿಗೆ ಹೋಗಬೇಕು. ಮೂಲೆಯಲ್ಲಿ ಸುಮ್ನೆ ಕೂತ ಮಗುವಿಗೂ ಸರದಿ ಬರುವುದು ಆಗಲೇ.